ಮೊದಲು ಗುದ್ದಲಿ, ಆಮೇಲೆ ಪಟ್ಟು

ನಮ್ಮ ಉಸ್ತಾದರು ತೀರಿಕೊಂಡ ಮೇಲೆ ಮೈಸೂರಿನ ನಮ್ಮ ಚಿಕ್ಕ ಗರಡಿಯಲ್ಲಿ ಹುಡುಗರಿಗೆ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಯಾರೂ ಪಟ್ಟ ಕಟ್ಟಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದವನು ನಾನು, ಅಷ್ಟೇ.

ಅವರು ಹೊಸಬರಿಗೆ ಪಟ್ಟು ತೋರಿಸುತ್ತಲೇ ಇರಲಿಲ್ಲ. ಕೈಗೆ ಗುದ್ದಲಿ ಕೊಟ್ಟು ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣಿನ ಕಣ, ಅಗೆಸುತ್ತಿದ್ದರು. ಕುಸ್ತಿ ಕಲಿಯೋಕೆ ಬಂದೆವೋ ಗದ್ದೆ ಕೆಲಸಕ್ಕೋ ಅಂತ ನಾವು ಗೊಣಗುತ್ತಿದ್ದೆವು. ಈಗ ನಾನೂ ಅದನ್ನೇ ಮಾಡಿಸುತ್ತೇನೆ, ಆದರೆ ಕಾರಣ ಹೇಳಿ ಮಾಡಿಸುತ್ತೇನೆ. ಬಗ್ಗಿ ಅಗೆದರೆ ಸೊಂಟ, ಹೆಗಲು, ಮುಂಗೈ ಗಟ್ಟಿಯಾಗುತ್ತವೆ, ಜೊತೆಗೆ ತಾನೇ ಹದ ಮಾಡಿದ ಮಣ್ಣಿನ ಮೇಲೆ ಬೀಳಲು ಹುಡುಗ ಅಷ್ಟು ಹೆದರುವುದಿಲ್ಲ.

ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರು ಆರಿಸಿ, ಅರಿಶಿನ, ಎಳ್ಳೆಣ್ಣೆ, ಮಜ್ಜಿಗೆ, ಬೇವಿನ ಸೊಪ್ಪಿನ ಪುಡಿ, ಸ್ವಲ್ಪ ಕರ್ಪೂರ ಹಾಕಿ ಕಲಸುತ್ತೇವೆ. ಅಳತೆ ಅಂತ ಉಸ್ತಾದರು ಯಾವತ್ತೂ ಹೇಳಿದವರಲ್ಲ. ಒಂದು ಹಿಡಿ ತೆಗೆದು ಮುಷ್ಟಿ ಬಿಗಿಯುತ್ತಿದ್ದರು. ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಉದುರದಿದ್ದರೆ ನೀರು ಜಾಸ್ತಿ, ಕಾಲು ಜಾರುತ್ತೆ. ಉಂಡೆಯೇ ಆಗದಿದ್ದರೆ ಒಣಗಿದೆ ಅಂತ ಅರ್ಥ, ಮೊಣಕೈ ತರಚುತ್ತೆ, ದೂಳು ಮೂಗಿಗೆ ನುಗ್ಗುತ್ತೆ. ಹುಡುಗರಿಗೆ ಅದೇ ಹಿಡಿ ಲೆಕ್ಕ ಕಲಿಸಿದ್ದೇನೆ.

ಎಲ್ಲವನ್ನೂ ಹಾಗೇ ಉಳಿಸಿಕೊಂಡಿಲ್ಲ. ಸಾಮು ಮಾಡುವಾಗ ನೀರು ಕುಡಿಯಬಾರದು ಅನ್ನೋ ನಿಯಮ ಬಿಟ್ಟೆ, ಬೆತ್ತ ಬಿಟ್ಟೆ. ದಂಡೆ, ಬಸ್ಕಿ ವಯಸ್ಸು ನೋಡಿ ಮಾಡಿಸುತ್ತೇನೆ. ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡಿದ್ದೇನೆ, ದಸರಾದಲ್ಲೇ ಅವರ ಕುಸ್ತಿ ನಡೆಯುವಾಗ ಗರಡಿ ಬಾಗಿಲು ಮುಚ್ಚಿಕೊಂಡರೆ ಹೇಗೆ? ಉಸ್ತಾದರು ಇದ್ದಿದ್ದರೆ ಒಪ್ಪುತ್ತಿದ್ದರಾ, ಅನುಮಾನ.

ಮ್ಯಾಟ್ ಕುಸ್ತಿಯನ್ನೂ ಕಲಿಸಲೇಬೇಕು. ಮಣ್ಣಿನಲ್ಲಿ ಎದುರಾಳಿಯ ಬೆನ್ನು ನೆಲಕ್ಕೆ ತಾಗಿಸಿದರೆ ಗೆಲುವು, ಹಾಗಾಗಿ ನಮ್ಮ ಹುಡುಗರು ಕತ್ತು ಹಿಡಿದು ಕಾಯುತ್ತಾ ನಿಲ್ಲುತ್ತಾರೆ. ಮ್ಯಾಟ್ ಮೇಲೆ 3 ನಿಮಿಷದ ಎರಡು ಸುತ್ತು, ಪಾಯಿಂಟ್ ಲೆಕ್ಕ, ಒಮ್ಮೆಯೂ ಚಿತ್ ಆಗದೆಯೇ ಸೋಲಬಹುದು. ಹಳೇ ಪೈಲ್ವಾನರಿಗೆ ಇದು ಕೇಳಿದರೇ ಸಿಟ್ಟು. ನಾನಂತೂ ಕಾಲಿಗೆ ನುಗ್ಗುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅವರ ಹಟವೇ ನನ್ನ ಹಟ. ದಸರಾಕ್ಕೆ ಜೋಡಿ ಕಟ್ಟುವಾಗ ತೂಕ ಸರಿಯಿದೆ ಅಂತ ಸುಮ್ನೆ ಒಪ್ಪುವುದಿಲ್ಲ, ಎದುರಿನವನ ಕತ್ತು, ಅನುಭವ ನೋಡುತ್ತೇನೆ. ಸರಿ ಕಾಣದಿದ್ದರೆ ಹೆಸರು ವಾಪಸ್. ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ, ಹುಡುಗ ಎರಡು ದಿನ ಗರಡಿ ಕಡೆ ಬರುವುದಿಲ್ಲ. ಆಮೇಲೆ ಬರುತ್ತಾನೆ.