ಮಕ್ಕಳ ಚಿತ್ರಬಟ್ಟೆ: ಬಣ್ಣಕ್ಕೆ ಮೊದಲು ಎಳೆ ತೆಗೆಯಿರಿ

ಶಾಲೆಗೆ ಹಣ ಕೂಡಿಸಲು ನಡೆಯುವ ಹರಾಜಿಗೆಂದು ಒಂದು ತರಗತಿಯ ಮಕ್ಕಳೆಲ್ಲ ಸೇರಿ ಒಂದೇ ಚಿತ್ರ ಮಾಡುವುದು ಬಹಳ ಒಳ್ಳೆಯ ಪದ್ಧತಿ. ಅದನ್ನು ಮಾಡಿಸುವ ರೀತಿ ಮಾತ್ರ ಈಚೆಗೆ ನನ್ನ ಮನಸ್ಸಿಗೆ ಸರಿಬರುತ್ತಿಲ್ಲ. ಹರಾಜು ಹತ್ತಿರ ಬಂದಾಗ ಗಡಿಬಿಡಿಯಿಂದ ಬಟ್ಟೆ ತಂದು, ಒಗೆಯದೆ, ಇಸ್ತ್ರಿ ಮಾಡದೆ, ಕಣ್ಣಳತೆಯಲ್ಲೇ ಚೌಕ ಚೌಕವಾಗಿ ಕತ್ತರಿಸಿ, ಮಕ್ಕಳ ಮುಂದೆ ಹರಡಿ, ಇರುವ ಬಣ್ಣವನ್ನೆಲ್ಲ ಸುರಿದು, "ಏನು ಬೇಕಾದರೂ ಬರೆಯಿರಿ" ಎಂದುಬಿಡುತ್ತಾರೆ. ಆಮೇಲೆ ಚೌಕಗಳು ಒಂದಕ್ಕೊಂದು ಕೂಡುವುದಿಲ್ಲವೆಂದು ಗೋಳಾಡುತ್ತಾರೆ, ಬಣ್ಣವೆಲ್ಲ ಕೆಸರಾಯಿತೆಂದು ಮಕ್ಕಳನ್ನು ದೂರುತ್ತಾರೆ, ಕಡೆಗೆ ರಾತ್ರಿ ಕುಳಿತು ದೊಡ್ಡವರೇ ಮಕ್ಕಳ ಚಿತ್ರಗಳನ್ನು ತಿದ್ದುತ್ತಾರೆ. ಇದರಲ್ಲಿ ಮಕ್ಕಳ ತಪ್ಪು ಎಳ್ಳಷ್ಟೂ ಇಲ್ಲ. ಕುಂಚ ಮಕ್ಕಳ ಕೈಗೆ ಹೋಗುವ ಮೊದಲಿನ ಕೆಲಸವೆಲ್ಲ ದೊಡ್ಡವರದು. ಕುಂಚ ಅವರ ಕೈಗೆ ಹೋದ ಮೇಲೆ ದೊಡ್ಡವರಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಕಿರಿಯರು ಇದನ್ನು ತಿರುಗುಮುರುಗಾಗಿ ಮಾಡುತ್ತಿರುವುದನ್ನು ನೋಡಿ ನೋಡಿ ಸಾಕಾಗಿ ಇಷ್ಟನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಪ್ರತಿ ಮಗುವೂ ಒಂದೊಂದು ಬಟ್ಟೆಯ ಚೌಕದ ಮೇಲೆ ಬಣ್ಣದಲ್ಲಿ ಬರೆದು, ಎಲ್ಲವನ್ನೂ ಕೂಡಿಸಿ ಹೊಲಿದು, ಗೋಡೆಗೆ ತೂಗುಹಾಕುವಂತೆ ಮಾಡುವ ಚಿತ್ರಬಟ್ಟೆಯ ವಿಷಯ. ಸುಮ್ಮನೆ ಮೂವತ್ತು ಚಿತ್ರಗಳನ್ನು ಅಂಟಿಸಿದರೆ ಅದು ಕೂಡಿ ಮಾಡಿದ ಕೆಲಸ ಎನಿಸುವುದಿಲ್ಲ. ಎಲ್ಲ ಚೌಕಗಳನ್ನೂ ಹಾದುಹೋಗುವ ಒಂದು ದಾರಿಯೋ ಹೊಳೆಯೋ ಬಳ್ಳಿಯೋ ಇರಬೇಕು. ಅದಕ್ಕೆ ಸುಲಭವಾದ ಉಪಾಯವಿದೆ. ಪ್ರತಿ ಚೌಕದ ಎಡ ಅಂಚಿನ ನಟ್ಟನಡುವೆ ಒಂದು, ಬಲ ಅಂಚಿನ ನಟ್ಟನಡುವೆ ಒಂದು ಸಣ್ಣ ಗುರುತು ಹಾಕಿರಿ. ಹೊಳೆ ಎಡದ ಗುರುತಿನಲ್ಲಿ ಒಳಗೆ ಬಂದು ಬಲದ ಗುರುತಿನಲ್ಲಿ ಹೊರಗೆ ಹೋಗಬೇಕು. ನಡುವೆ ಅದು ಎತ್ತ ಬೇಕಾದರೂ ಸುತ್ತಲಿ, ದಡದಲ್ಲಿ ಆನೆ ನಿಲ್ಲಲಿ, ವಿಮಾನ ಇಳಿಯಲಿ, ಅದು ಮಗುವಿನ ಇಷ್ಟ. ಹೀಗೆ ಮಾಡಿದರೆ ಯಾವ ಚೌಕವನ್ನು ಯಾವುದರ ಪಕ್ಕದಲ್ಲಿಟ್ಟರೂ ಹೊಳೆ ಕೂಡುತ್ತದೆ. ಒಂದು ಮಗು ಅಂದು ಶಾಲೆಗೆ ಬಾರದಿದ್ದರೂ ಆಮೇಲೆ ಬಂದು ಬರೆದ ಚೌಕ ತನ್ನ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ.

ಆದರೆ ಗುರುತುಗಳು ಕೂಡಬೇಕಾದರೆ ಚೌಕ ನಿಜವಾಗಿ ಚೌಕವಾಗಿರಬೇಕು. ಎಲ್ಲರೂ ಎಡವುವುದು ಇಲ್ಲಿಯೇ, ಹಾಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಬಟ್ಟೆ ಸಾದಾ ನೇಯ್ಗೆಯ ಬಿಳಿ ಹತ್ತಿಯದಾಗಿರಲಿ; ತೀರ ತೆಳುವೂ ಬೇಡ, ತೀರ ದಪ್ಪವೂ ಬೇಡ, ಬೆಳಕಿಗೆ ಹಿಡಿದರೆ ಕೈಬೆರಳುಗಳ ನೆರಳು ಕಾಣುವಷ್ಟಿದ್ದರೆ ಸಾಕು. ಹಿಗ್ಗುವ ಹೆಣಿಗೆಯ ಬಟ್ಟೆ ಈ ಕೆಲಸಕ್ಕೆ ಆಗುವುದೇ ಇಲ್ಲ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದರ ಮೇಲೆ ಬಣ್ಣ ಹಿಡಿಯದೆ ಮೇಲೆಯೇ ನಿಲ್ಲುತ್ತದೆ. ಜೊತೆಗೆ ಹತ್ತಿಯ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಆದ್ದರಿಂದ ಮೊದಲು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು ಒಣಗಿಸಿರಿ. 30 ಮಕ್ಕಳಿಗೆ 45 ಇಂಚು ಅಗಲದ ಬಟ್ಟೆ 3 ಮೀಟರ್ ತಂದರೆ, ಕುಗ್ಗಿದ ಮೇಲೂ 10 ಇಂಚಿನ ಚೌಕಗಳು ಸಾಲಿಗೆ ನಾಲ್ಕರಂತೆ ಬೇಕಾದಷ್ಟು ಬಂದು, ಕೆಟ್ಟುಹೋದದ್ದಕ್ಕೆ ಬದಲಿ ಕೊಡಲು, ಬಣ್ಣ ಪರೀಕ್ಷಿಸಲು ಕೆಲವು ಮಿಗುತ್ತವೆ. ಬದಲಿ ಚೌಕಗಳಿಲ್ಲದೆ ಮಕ್ಕಳನ್ನು ಕೂರಿಸಬೇಡಿ. ಬಣ್ಣ ಚೆಲ್ಲಿಕೊಂಡ ಮಗು ಅಳುತ್ತಾ ಕುಳಿತಾಗ ಕೈಗೆ ಕೊಡಲು ಇನ್ನೊಂದು ಚೌಕ ಇರಲೇಬೇಕು.

ಈಗ ಕತ್ತರಿಸುವ ಬಗೆ. ಅಳತೆಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದು ಕತ್ತರಿಸಿದ್ದೇವಲ್ಲ, ಇನ್ನೇನು ಬೇಕು ಎನ್ನುತ್ತಾರೆ. ಗೆರೆ ನೇರವಾಗಿರಬಹುದು, ಆದರೆ ಬಟ್ಟೆಯ ಹಾಸು ಹೊಕ್ಕುಗಳು ಆ ಗೆರೆಯನ್ನು ಕೇಳಿಕೊಂಡು ನೇಯ್ದವಲ್ಲ. ಎಳೆಯ ನೇರಕ್ಕೆ ಬಟ್ಟೆ ಹಿಗ್ಗುವುದು ಬಹಳ ಕಡಿಮೆ. ಓರೆಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಎಳೆಗೆ ಓರೆಯಾಗಿ ಕತ್ತರಿಸಿದ ಚೌಕ ಮೇಜಿನ ಮೇಲೆ ಚೌಕವಾಗಿಯೇ ಕಾಣುತ್ತದೆ, ಹೊಲಿಗೆಯಂತ್ರದ ಸೂಜಿಯ ಕೆಳಗೆ ಹೋದ ಕೂಡಲೇ ಒಂದು ಮೂಲೆ ಬಾಲದಂತೆ ಉದ್ದವಾಗುತ್ತದೆ. ಮೂವತ್ತು ಚೌಕಗಳಲ್ಲಿ ಒಂದೊಂದೂ ಒಂದೊಂದು ಕಡೆಗೆ ಎಳೆದರೆ ಆ ಚಿತ್ರಬಟ್ಟೆ ಗೋಡೆಯ ಮೇಲೆ ನೆಟ್ಟಗೆ ಹೇಗೆ ನಿಂತೀತು?

ಇದಕ್ಕೆ ಮದ್ದು ಎಳೆ ತೆಗೆಯುವುದು, ಎಂದರೆ ಕತ್ತರಿಸುವ ಜಾಗದಲ್ಲಿ ನೇಯ್ಗೆಯ ಒಂದು ಎಳೆಯನ್ನು ಹೊರಗೆಳೆದು, ಅದು ಬಿಟ್ಟ ಗೆರೆಯಲ್ಲೇ ಕತ್ತರಿಸುವುದು. ನಮಗೆ ಶಾಲೆಯಲ್ಲಿ ಹೊಲಿಗೆ ಕಲಿಸಿದ ಟೀಚರು ಒಬ್ಬರಿದ್ದರು. ಎಳೆ ತೆಗೆಯದೆ ಬಟ್ಟೆಗೆ ಕತ್ತರಿ ಹಚ್ಚಿದವರ ಕೈಯಿಂದ ಅವರು ಕತ್ತರಿಯನ್ನೇ ಕಿತ್ತುಕೊಂಡು, ಆ ದಿನವೆಲ್ಲ ಬರಿಯ ಎಳೆ ತೆಗೆಯುವ ಕೆಲಸ ಕೊಡುತ್ತಿದ್ದರು. ಕಿಟಕಿಯ ಪಕ್ಕ ಸಾಲಾಗಿ ಕುಳಿತು, ಉಸಿರು ಬಿಗಿಹಿಡಿದು ನಾವು ಎಳೆ ತೆಗೆಯುತ್ತಿದ್ದೆವು. ಆಗ ಅವರ ಮೇಲೆ ಸಿಟ್ಟು ಬರುತ್ತಿತ್ತು. ಈಗ ಕತ್ತರಿ ಹಿಡಿದಾಗಲೆಲ್ಲ ಅವರನ್ನು ನೆನೆಯುತ್ತೇನೆ.

ಬಟ್ಟೆಯ ಎರಡೂ ಕಡೆಯ ಬಿಗಿಯಾದ ಅಂಚನ್ನು ಮೊದಲು ಕತ್ತರಿಸಿ ತೆಗೆಯಿರಿ, ಏಕೆಂದರೆ ಅದರ ನೇಯ್ಗೆಯೇ ಬೇರೆ. ಬಟ್ಟೆಯ ಮೇಲೆ ಕೈಯಿಂದ ನೀರು ಚಿಮುಕಿಸಿ, ತಂಪು ಎನಿಸುವಷ್ಟು ಮಾತ್ರ ನೆನೆಸಿರಿ. ಹತ್ತಿಯ ನೂಲು ಒಣಗಿದ್ದಾಗಿನದಕ್ಕಿಂತ ಒದ್ದೆಯಾದಾಗ ಹೆಚ್ಚು ಗಟ್ಟಿ, ಬೇಗ ಹರಿಯುವುದಿಲ್ಲ. ಇದನ್ನು ಬಹಳ ಜನ ಬಲ್ಲವರೇ ಅಲ್ಲ. ಬಟ್ಟೆಯ ಅಡಿಗೆ ಕಪ್ಪು ಬಣ್ಣದ ಬೇರೊಂದು ಬಟ್ಟೆ ಹಾಸಿಕೊಂಡರೆ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಕತ್ತರಿಸಬೇಕಾದ ಜಾಗದಲ್ಲಿ ಕತ್ತರಿಯ ಮೊನೆಯಿಂದ ಬೆರಳುಗುರಿನಷ್ಟು ಕತ್ತರಿಸಿ, ಆ ಸೀಳಿನೊಳಗಿಂದ ಸೂಜಿಯ ತುದಿಯಲ್ಲಿ ಒಂದೇ ಒಂದು ಎಳೆಯನ್ನು ಮೀಟಿ ಎಬ್ಬಿಸಿರಿ. ಎರಡು ಎಳೆ ಬಂದರೆ ಒಂದನ್ನು ಬಿಟ್ಟುಬಿಡಿ. ಆ ಎಳೆಯನ್ನು ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಅದನ್ನು ಎಳೆಯುವ ಬದಲು ಎಡಗೈಯಿಂದ ಬಟ್ಟೆಯನ್ನೇ ಅದರ ಮೇಲೆ ಹಿಂದಕ್ಕೆ ಸರಿಸಿರಿ. ಬಟ್ಟೆ ಸಣ್ಣ ಸಣ್ಣ ನೆರಿಗೆಯಾಗಿ ಕೂಡುತ್ತದೆ. ಆ ನೆರಿಗೆಗಳನ್ನು ಬೆರಳ ತುದಿಯಿಂದ ಮುಂದೆ ಮುಂದೆ ಸವರುತ್ತಾ ಹೋಗಿರಿ, ನೆರಿಗೆ ಇನ್ನೊಂದು ಅಂಚಿನತ್ತ ಸಾಗಿದಂತೆ ಹಿಂದೆ ಒಂದು ಸಣ್ಣ ಗೆರೆ ತೆರೆದುಕೊಳ್ಳುತ್ತದೆ. ಅಡಿಯ ಕಪ್ಪು ಬಟ್ಟೆ ಆ ಗೆರೆಯಲ್ಲಿ ಇಣುಕುತ್ತದೆ. ಆ ಗೆರೆಯನ್ನು ಹಿಡಿದೇ ಕತ್ತರಿಸಬೇಕು. ನಡುವೆ ಎಳೆ ಹರಿದರೆ ಗಾಬರಿ ಬೇಡ. ಹರಿದ ಜಾಗದವರೆಗೆ ಕತ್ತರಿಸಿ, ಅಲ್ಲಿ ಅದೇ ಎಳೆಯ ತುದಿಯನ್ನು ಸೂಜಿಯಿಂದ ಹುಡುಕಿ ಮುಂದುವರಿಸಿರಿ. ಪಕ್ಕದ ಎಳೆಯನ್ನು ಹಿಡಿದು ಹೊರಟವರ ಚೌಕ ಅಲ್ಲಿಂದಲೇ ಜಾರುತ್ತದೆ. ಅವಸರದಿಂದ ಜಗ್ಗಬಾರದು, ಜಗ್ಗಿದರೆ ಹರಿಯುವುದು ಖಂಡಿತ.

"ಇಷ್ಟೆಲ್ಲ ಏಕೆ, ಬಟ್ಟೆಯನ್ನು ಹರಿದರೂ ಎಳೆಯ ನೇರಕ್ಕೇ ಹರಿಯುತ್ತದಲ್ಲ" ಎಂದು ಜಾಣರು ಕೇಳುತ್ತಾರೆ. ಎಳೆಯ ನೇರಕ್ಕೆ ಹರಿಯುವುದು ನಿಜ, ಆದರೆ ಹರಿಯುವ ಬಿರುಸಿಗೆ ಅಂಚು ಹಿಗ್ಗಿ ಅಲೆಯಲೆಯಾಗುತ್ತದೆ. ದೊಡ್ಡ ಹಾಸಿಗೆ ಹೊದಿಕೆಗೆ ಅದು ನಡೆದೀತು, ಹತ್ತು ಇಂಚಿನ ಚೌಕಕ್ಕೆ ನಡೆಯದು. ಕತ್ತರಿಸಿದ ಚೌಕವನ್ನು ಪಕ್ಕದ ಮೂಲೆಗೆ ಮೂಲೆ ಕೂಡುವಂತೆ ಅರ್ಧಕ್ಕೆ ಮಡಿಸಿ ನೋಡಿರಿ. ಅಂಚುಗಳು ಒಂದರ ಮೇಲೊಂದು ಕೂರದಿದ್ದರೆ, ಮೂಲೆಯಿಂದ ಎದುರು ಮೂಲೆಗೆ ಯಾವ ಓರೆ ಚಿಕ್ಕದಾಗಿದೆಯೋ ಆ ಎರಡು ಮೂಲೆಗಳನ್ನು ಹಿಡಿದು ಮೆಲ್ಲಗೆ ಎಳೆದು, ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜದೆ ಎತ್ತಿ ಎತ್ತಿ ಒತ್ತಿದರೆ ಸರಿಹೋಗುತ್ತದೆ. ಮಾತು ಬಂದದ್ದಕ್ಕೆ ಹೇಳುತ್ತೇನೆ, ಮನೆಯ ಕಿಟಕಿ ಪರದೆಗಳು ಹೊಲಿಸಿದ ಹೊಸದರಲ್ಲಿ ಸರಿಯಿದ್ದು, ಕೆಲವು ತಿಂಗಳಲ್ಲಿ ಒಂದು ಮೂಲೆ ಜೋತುಬೀಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ. ಪರದೆ ಕತ್ತರಿಸುವ ಮೊದಲು ಒಂದು ಎಳೆ ತೆಗೆಯಲು ನಿಮಗೆ ಎಷ್ಟು ಹೊತ್ತು ಬೇಕು?

ಚೌಕಗಳು ಸಿದ್ಧವಾದ ಮೇಲೆ ಮಿಕ್ಕದ್ದು ಬೇಗ ಆಗುತ್ತದೆ. ಒಂದೊಂದನ್ನೂ ಅರ್ಧಕ್ಕೆ ಮಡಿಸಿ ಅಂಚಿನಲ್ಲಿ ಉಗುರಿನಿಂದ ಒತ್ತಿದರೆ ನಡುಗುರುತು ಬೀಳುತ್ತದೆ, ಅಳತೆಪಟ್ಟಿಯೇ ಬೇಡ. ನಾಲ್ಕೂ ಅಂಚಿಗೆ 1 ಇಂಚು ಅಗಲದ ಮಾಸ್ಕಿಂಗ್ ಟೇಪ್ (ಸುಲಭವಾಗಿ ಕೀಳಬಹುದಾದ ಕಾಗದದ ಅಂಟುಪಟ್ಟಿ) ಅಂಟಿಸಿ, ಒಳಬದಿಯನ್ನು ಉಗುರಿನಿಂದ ಗಟ್ಟಿಯಾಗಿ ತಿಕ್ಕಿ, ನಡುಗುರುತುಗಳನ್ನು ಟೇಪಿನ ಮೇಲೆಯೇ ತೋರಿಸಿರಿ. ಮಗುವಿನ ಹೆಸರನ್ನು ಚೌಕದ ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಈಗಲೇ ಬರೆದುಬಿಡಿ. ಎಲ್ಲ ಒಣಗಿದ ಮೇಲೆ ಯಾವುದು ಯಾರದೆಂದು ಹುಡುಕುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಬಣ್ಣ ಬಟ್ಟೆಗೆಂದೇ ಬರುವ ಫ್ಯಾಬ್ರಿಕ್ ಬಣ್ಣವಾಗಲಿ. ಒಣಗಿದ ಮೇಲೆ ಅದು ಅಂಗಿಯಿಂದ ಹೋಗುವುದಿಲ್ಲವಾದ್ದರಿಂದ, ಮಕ್ಕಳಿಗೆ ಹಳೆಯ ದೊಡ್ಡ ಅಂಗಿಗಳನ್ನು ಹಿಂದುಮುಂದಾಗಿ ತೊಡಿಸಿ ಕೂರಿಸಿರಿ. ಡಬ್ಬಿಗಳನ್ನೆಲ್ಲ ಮೇಜಿಗೆ ಸುರಿಯಬೇಡಿ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಹಸಿಯಾಗಿ ಬೆರೆತರೆ ಕಂದು ಕೆಸರು ಆಗುವುದು ಬಣ್ಣಗಳ ಗುಣ, ಅದಕ್ಕೆ ಮಗುವನ್ನು ಗದರಿಸಿದರೆ ಏನು ಬಂತು? ಎಲ್ಲ ಮಕ್ಕಳಿಗೂ ಹೊಳೆಗೆ ಒಂದೇ ನೀಲಿ ಕೊಡಿ, ಮೊದಲು ಹೊಳೆಯನ್ನು ಬರೆಸಿ, ಅದು ಒಣಗಲು ಬಿಡಿ. ಆಮೇಲೆ ಹಳದಿಯಂತಹ ತಿಳಿ ಬಣ್ಣಗಳು, ಕೊನೆಗೆ ಗಾಢವಾದವು. ಒಂದು ಸಲಕ್ಕೆ ಒಂದು ಮೇಜಿಗೆ ಎರಡು ಮೂರು ಬಣ್ಣ ಸಾಕು. ಕುಂಚ ತುಸು ಒಣಗಿದಂತೆಯೇ ಇರಬೇಕು, ನೀರು ಹೆಚ್ಚಾದರೆ ಬಣ್ಣ ಟೇಪಿನ ಅಡಿಗೆ ಹರಿಯುತ್ತದೆ. ಬಣ್ಣ ಇನ್ನೂ ತುಸು ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಿಸಿಕೊಂಡು ಮೆಲ್ಲಗೆ ಕೀಳಿರಿ. ಬಿಳಿಯ ಅಂಚು ಗೆರೆ ಕೊಯ್ದಂತೆ ನಿಲ್ಲುತ್ತದೆ.

ಮಕ್ಕಳು ಬರೆಯುವಾಗ ದೊಡ್ಡವರು ನೀರು ಬದಲಿಸಬಹುದು, ಬಿದ್ದ ಕುಂಚ ಎತ್ತಿಕೊಡಬಹುದು, ಅಷ್ಟೇ. ಒಮ್ಮೆ ಒಬ್ಬ ಹುಡುಗ ಹೊಳೆಯ ನಡುವೆ ಹಸಿರು ಬಣ್ಣದ ಬೆಕ್ಕನ್ನು ಬರೆದಿದ್ದ. ಮೀಸೆ ಮೈಗಿಂತ ಉದ್ದವಾಗಿ ಎರಡೂ ದಡಗಳನ್ನು ಮುಟ್ಟಿತ್ತು. ಸಹಾಯಕ್ಕೆ ಬಂದಿದ್ದ ತಾಯಿಯೊಬ್ಬಳು ಅವನು ಅತ್ತ ಹೋದಾಗ ಅದನ್ನು ಅಂದವಾದ ಮೀನಾಗಿ ತಿದ್ದಿಬಿಟ್ಟಳು. ಹುಡುಗ ಮರುದಿನ ತನ್ನ ಚೌಕವನ್ನು ಹುಡುಕಿ ಹುಡುಕಿ, ಕಡೆಗೆ ತನ್ನದು ಕಳೆದುಹೋಗಿದೆ ಎಂದು ಹೇಳಿದ. ಆ ತಾಯಿಗೆ ನಾನು ಬದಲಿ ಚೌಕ ತೆಗೆದುಕೊಟ್ಟು, ಅವನ ಕೈಯಲ್ಲೇ ಮತ್ತೆ ಬೆಕ್ಕು ಬರೆಸುವಂತೆ ಹೇಳಿದೆ. ಹರಾಜಿನಲ್ಲಿ ಜನ ಹಣ ಕೊಡುವುದು ತಮ್ಮ ಮಕ್ಕಳ ಕೈಬರಹಕ್ಕೆ. ಅಂದವಾದ ಮೀನು ಬೇಕಿದ್ದವರು ಅದನ್ನು ಬೇರೆಲ್ಲಾದರೂ ಕೊಂಡುಕೊಳ್ಳುತ್ತಾರೆ.

ಬರೆದ ಚೌಕಗಳನ್ನು ಒಂದು ಹಗಲು ಒಂದು ರಾತ್ರಿ ಹರಡಿ ಒಣಗಿಸಿ, ಮೇಲೊಂದು ತೆಳು ಬಟ್ಟೆ ಹಾಕಿ, ನೀರಿನ ಹಬೆಯಿಲ್ಲದ ಬಿಸಿ ಇಸ್ತ್ರಿಯಿಂದ ಹಿಂಬದಿಯಲ್ಲಿ ಒತ್ತಿರಿ. ಬಣ್ಣ ಬಟ್ಟೆಯಲ್ಲಿ ನೆಲೆಗೊಳ್ಳಲು ಬಹಳಷ್ಟು ಫ್ಯಾಬ್ರಿಕ್ ಬಣ್ಣಗಳಿಗೆ ಈ ಶಾಖ ಬೇಕು. ಎಷ್ಟು ಹೊತ್ತು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ, ಓದುವ ಶ್ರಮ ತೆಗೆದುಕೊಳ್ಳಿ. ಟೇಪಿನ ಚೂರು ಎಲ್ಲಿಯೂ ಉಳಿದಿರಬಾರದು, ಬಿಸಿ ತಾಗಿದರೆ ಅದರ ಅಂಟು ಬಟ್ಟೆಯನ್ನು ಬಿಡುವುದಿಲ್ಲ.

ಹೊಲಿಗೆಗೆ ಅಂಚಿನಿಂದ ಅರ್ಧ ಇಂಚು ಬಿಟ್ಟರೆ ಪ್ರತಿ ಚೌಕ 9 ಇಂಚಾಗಿ ಉಳಿಯುತ್ತದೆ. ಅಡ್ಡಕ್ಕೆ ಐದು, ಉದ್ದಕ್ಕೆ ಆರು ಇಟ್ಟರೆ 45ಕ್ಕೆ 54 ಇಂಚಿನ ಚಿತ್ರಬಟ್ಟೆ. ಮೊದಲು ಅಡ್ಡ ಸಾಲುಗಳನ್ನು ಹೊಲಿಯಿರಿ. ಒಂದು ಸಾಲಿನ ಹೊಲಿಗೆಯ ಅಂಚುಗಳನ್ನು ಎಡಕ್ಕೆ, ಮುಂದಿನ ಸಾಲಿನದನ್ನು ಬಲಕ್ಕೆ ಮಡಿಸಿ ಇಸ್ತ್ರಿ ಮಾಡಿಕೊಂಡರೆ, ಸಾಲಿಗೆ ಸಾಲು ಕೂಡಿಸುವಾಗ ಮೂಲೆಗಳು ಒಂದಕ್ಕೊಂದು ತಾವಾಗಿಯೇ ಕಚ್ಚಿಕೊಳ್ಳುತ್ತವೆ. ಹಿಂದೆ ಒಂದು ಅಸ್ತರು ಕೊಡಿ, ಮೇಲಂಚಿಗೆ ಕೋಲು ತೂರಿಸುವಷ್ಟು ಪಟ್ಟಿ ಹೊಲಿಯಿರಿ. ಈಗ ಎರಡು ಚಿತ್ರಗಳ ನಡುವೆ ಒಂದಿಂಚು ಬಿಳಿ ಉಳಿದಿರುತ್ತದೆ, ಹೊಳೆ ಅಲ್ಲಿ ತುಂಡಾಗಿರುತ್ತದೆ. ಸೂಜಿ ಹಿಡಿಯಬಲ್ಲ ಮಕ್ಕಳಿಗೆ ಅದೇ ನೀಲಿಯ ದಪ್ಪ ದಾರ ಕೊಟ್ಟು, ಅಸ್ತರೂ ಸೇರುವಂತೆ ಒಂದು ಚೌಕದ ಹೊಳೆಯ ತುದಿಯಿಂದ ಪಕ್ಕದ ಚೌಕದ ಹೊಳೆಯ ತುದಿಗೆ ಓಟದ ಹೊಲಿಗೆ, ಎಂದರೆ ಸೂಜಿಯನ್ನು ಮೇಲೆ ಕೆಳಗೆ ತೂರುತ್ತಾ ಮುಂದೆ ಸಾಗುವ ಹೊಲಿಗೆ, ಹಾಕಿಸಿರಿ. ಹೊಳೆ ಕೂಡುತ್ತದೆ, ಅಸ್ತರು ಅಲ್ಲಾಡದೆ ನಿಲ್ಲುತ್ತದೆ, ಮತ್ತು ಪ್ರತಿ ಮಗುವೂ ತನ್ನ ಚೌಕದಿಂದ ಪಕ್ಕದವರ ಚೌಕಕ್ಕೆ ಒಮ್ಮೆಯಾದರೂ ಕೈ ಚಾಚಿದಂತಾಗುತ್ತದೆ. ನೀವು ಎಳೆ ತೆಗೆದಿದ್ದೀರೋ ಇಲ್ಲವೋ ಎಂಬುದು ಇಲ್ಲಿ ಬಯಲಾಗುತ್ತದೆ. ತೆಗೆದಿದ್ದರೆ ಒಂದು ಚೌಕದ ಹೊಳೆಯ ಎದುರಿಗೇ ಇನ್ನೊಂದರ ಹೊಳೆ ಇರುತ್ತದೆ. ತೆಗೆಯದಿದ್ದರೆ ದಾರ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ.

ಹರಾಜಿಗೆ ಇಡುವ ಮೊದಲು ಹಗಲು ಬೆಳಕಿನಲ್ಲಿ ಇಡೀ ಬಟ್ಟೆಯದೊಂದು, ಒಂದೊಂದು ಚೌಕದ್ದೊಂದು ಫೋಟೊ ತೆಗೆದಿಡಿ. ಬಟ್ಟೆ ಒಂದೇ ಮನೆಗೆ ಹೋಗುತ್ತದೆ. ಉಳಿದ ಮನೆಯವರು ತಮ್ಮ ಮಗುವಿನ ಚೌಕದ ಕಾರ್ಡುಗಳನ್ನಾದರೂ ಕೊಂಡುಕೊಳ್ಳಬಹುದು, ಅದರಿಂದಲೂ ಶಾಲೆಗೆ ಹಣ ಬರುತ್ತದೆ. ಯಾವ ಮಗುವಿನ ಚೌಕವನ್ನೂ ಚೆನ್ನಾಗಿಲ್ಲವೆಂದು ಬಿಡಬಾರದು. ಅಸ್ತರಿನ ಮೂಲೆಯಲ್ಲಿ ಒಂದು ಬಿಳಿ ತುಂಡು ಹೊಲಿದು, ತರಗತಿ, ವರ್ಷ, ಚೌಕಗಳ ಸಾಲಿನಲ್ಲೇ ಮಕ್ಕಳ ಹೆಸರುಗಳು, ಕೂಡಿದ ಹಣ ಯಾವುದಕ್ಕೆ ಎಂಬ ಒಂದು ಸಾಲು, ಇಷ್ಟನ್ನು ಅಳಿಯದ ಶಾಯಿಯಲ್ಲಿ ಬರೆಯಿರಿ. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ ಎಂದು ಕೊಂಡವರಿಗೆ ಹೇಳಿಕೊಡಿ. ಶಾಲೆಗೆ ಸಾಗಿಸುವಾಗ ದಯವಿಟ್ಟು ಮಡಿಸಬೇಡಿ, ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ದಪ್ಪ ರಟ್ಟಿನ ಕೊಳವೆಗೆ ಚಿತ್ರದ ಬದಿ ಹೊರಗೆ ಬರುವಂತೆ ಸುತ್ತಿ, ಮೇಲೊಂದು ಹಳೆಯ ಬಟ್ಟೆ ಸುತ್ತಿ ಒಯ್ಯಿರಿ.