ಟೂಲ್ ಡ್ರಾಯರಿಗೆ ಯಾವ ಹಾಸು ಸೂಕ್ತ?

ಟೂಲ್ ಕ್ಯಾಬಿನೆಟ್ಟಿನ ಡ್ರಾಯರುಗಳಿಗೆ ಹಾಸು ಕೊಳ್ಳುವಾಗ ಹೆಚ್ಚಿನವರು ಅದು ಎಷ್ಟು ಮೆತ್ತಗಿದೆ ಎಂದು ಒತ್ತಿ ನೋಡುತ್ತಾರೆ. ಕರಾವಳಿಯ ವರ್ಕ್‌ಶಾಪುಗಳಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆಯಾಗಿರುವ ಮಂಗಳೂರು, ಉಡುಪಿ, ಕಾರವಾರಗಳಲ್ಲಿ, ಹಾಸಿನ ಮೆದುತನಕ್ಕಿಂತ ಅದು ನೀರನ್ನು ಹೀರಿ ಹಿಡಿದಿಡುತ್ತದೆಯೇ, ಎಣ್ಣೆ ತಾಗಿದರೆ ಕೆಡುತ್ತದೆಯೇ ಎಂಬುದು ಮುಖ್ಯ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇ 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಹೆಚ್ಚುತ್ತದೆ. ಮಳೆಗಾಲದಲ್ಲಿ ಅಲ್ಲಿ ಆ ಮಿತಿಗಿಂತ ಕೆಳಗಿರುವ ದಿನಗಳೇ ಅಪರೂಪ.

ಮೊದಲು ಎಲ್ಲ ಡ್ರಾಯರುಗಳನ್ನು ಖಾಲಿ ಮಾಡಿ, ಸಾಮಾನುಗಳನ್ನು ಮೂರು ಗುಂಪು ಮಾಡಿಕೊಳ್ಳಬೇಕು: ಎಣ್ಣೆ, ಗ್ರೀಸ್ ಮೆತ್ತಿಕೊಂಡೇ ಮರಳುವ ಸ್ಪ್ಯಾನರ್, ಸಾಕೆಟ್‌ಗಳು; ಒಣಗಿಯೇ ಇರಬೇಕಾದ ಅರ, ಉಳಿಗಳು; ವರ್ನಿಯರ್, ಮೈಕ್ರೋಮೀಟರ್‌ನಂತಹ ಅಳತೆಯ ಸಾಧನಗಳು. ಒಂದೇ ಬಗೆಯ ಹಾಸನ್ನು ಇಡೀ ಕ್ಯಾಬಿನೆಟ್ಟಿಗೆ ಹಾಕುವುದು ಕಣ್ಣಿಗೆ ಚೆಂದ, ಆದರೆ ಈ ಮೂರೂ ಗುಂಪುಗಳಿಗೆ ಒಪ್ಪುವ ಹಾಸನ್ನು ನಾನು ಕಂಡಿಲ್ಲ.

ಸ್ಪ್ಯಾನರ್‌ಗಳ ಡ್ರಾಯರಿಗೆ 2 ಅಥವಾ 3 ಮಿ.ಮೀ. ದಪ್ಪದ, ಎಣ್ಣೆಗೆ ಕೆಡದ ನೈಟ್ರೈಲ್ ರಬ್ಬರ್ ಹಾಳೆ ಸೂಕ್ತ. ಅಂಗಡಿಯಲ್ಲಿ ಬರೀ ರಬ್ಬರ್ ಶೀಟ್ ಎಂದು ಕೇಳಿದರೆ ಅಗ್ಗದ ಸಾಮಾನ್ಯ ರಬ್ಬರ್ ಸಿಗುವ ಸಂಭವವಿದೆ. ನೈಸರ್ಗಿಕ ರಬ್ಬರ್ ಖನಿಜ ತೈಲವನ್ನು ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಅಂಟಂಟಾಗುತ್ತದೆ. ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಬೆರಳಗಲದ ಒಂದು ತುಂಡನ್ನು ಎಂಜಿನ್ ಆಯಿಲ್‌ನಲ್ಲಿ ಎರಡು ದಿನ ಮುಳುಗಿಸಿಟ್ಟು, ಅದೇ ಹಾಳೆಯ ಒಣ ತುಂಡಿನ ಪಕ್ಕದಲ್ಲಿಟ್ಟು ನೋಡಿದರೆ, ಸಾಮಾನ್ಯ ರಬ್ಬರ್ ಆಗಿದ್ದಲ್ಲಿ ಉಬ್ಬು ಕಣ್ಣಿಗೇ ಕಾಣುತ್ತದೆ. ಇಡೀ ಹಾಳೆ ಕೊಳ್ಳುವ ಮೊದಲು ತುಂಡು ಕೇಳಿ ತರುವುದರಲ್ಲಿ ಸಂಕೋಚ ಬೇಡ. ತೂಕವನ್ನೂ ಲೆಕ್ಕ ಹಾಕಬೇಕು: 3 ಮಿ.ಮೀ. ನೈಟ್ರೈಲ್ ಹಾಳೆ ಚದರ ಮೀಟರಿಗೆ ಸುಮಾರು 4 ಕಿಲೋ ತೂಗುವುದರಿಂದ, ಹಗುರವಾದ ಚಾನೆಲ್‌ಗಳ ಮೇಲೆ ಓಡುವ ಡ್ರಾಯರುಗಳಿಗೆ 2 ಮಿ.ಮೀ. ಸಾಕು.

ಜಾಲರಿಯಂತಿರುವ, ಅಡುಗೆಮನೆಯ ಶೆಲ್ಫಿಗೂ ಹಾಸುವ ಪಿವಿಸಿ ಮ್ಯಾಟ್ ಅಗ್ಗ, ಜಾರುವುದಿಲ್ಲ, ಅಡಿಯಲ್ಲಿ ಗಾಳಿಯೂ ಆಡುತ್ತದೆ. ಆದರೆ ಅದನ್ನು ಮೆದುವಾಗಿಡಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಸೂಸಿ, ಕೆಲವು ಸ್ಕ್ರೂಡ್ರೈವರ್‌ಗಳ ಪ್ಲಾಸ್ಟಿಕ್ ಹಿಡಿಯನ್ನು ಕರಗಿಸಿದಂತೆ ಮಾಡಿ, ಅದರ ಮೇಲೆ ಜಾಲರಿಯ ಅಚ್ಚನ್ನೇ ಮೂಡಿಸುತ್ತದೆ. ಬಿಸಿಲು ಬೀಳುವ ಗೋಡೆಗೆ ಒರಗಿಸಿದ ಕ್ಯಾಬಿನೆಟ್ಟಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಪೂರ್ತಿ ಲೋಹದ ಸಾಮಾನಿದ್ದರೆ ಮಾತ್ರ ಇದನ್ನು ಹಾಸಬಹುದು.

ಅಳತೆಯ ಸಾಧನಗಳಿಗೆ ಫೋಮ್ ಒಳ್ಳೆಯದು, ಅದೂ ನೀರು ಹೀರದ ಪಾಲಿಎಥಿಲೀನ್ ಫೋಮ್. ಎರಡು ಬಣ್ಣದ ಪದರಗಳ ಫೋಮಿನಲ್ಲಿ ಉಪಕರಣದ ಆಕಾರವನ್ನು ಕೊರೆದಿಟ್ಟರೆ, ಯಾವುದು ಮರಳಿ ಬಂದಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ವಿಮಾನ ದುರಸ್ತಿಯಲ್ಲಿ ಎಂಜಿನ್ನಿನೊಳಗೆ ಸ್ಪ್ಯಾನರ್ ಉಳಿದುಬಿಡದಂತೆ ಈ ಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಕೊರೆಯುವಾಗ ಹೊಸ ಬ್ಲೇಡಿನ ಕಟರಿನಿಂದ, ಒಂದೇ ಏಟಿಗೆ ಒತ್ತದೆ, ನಾಲ್ಕೈದು ಬಾರಿ ಹಗುರವಾಗಿ ಎಳೆಯಬೇಕು. ಉಪಕರಣದ ಅರ್ಧ ದಪ್ಪದಷ್ಟು ಆಳ ಸಾಕು. ಬೆರಳು ಹಾಕಿ ಎತ್ತಲು ಪಕ್ಕದಲ್ಲೊಂದು ಗುಳಿ ಇರಲಿ. ಲೋಹ ಕಡೆಯುವ ಲೇತ್ ಯಂತ್ರದ ಚೂರುಗಳು ಫೋಮಿನಲ್ಲಿ ಹುದುಗಿ ಕೂತು ಮೈಕ್ರೋಮೀಟರಿನ ಮುಖವನ್ನೇ ಗೀರುವುದರಿಂದ, ಈ ಡ್ರಾಯರು ಲೇತಿನಿಂದ ದೂರವಿದ್ದಷ್ಟೂ ಕ್ಷೇಮ.

ಉಣ್ಣೆಯ ಫೆಲ್ಟ್, ಗೋಣಿತಾಟು, ಹಳೆಯ ಪತ್ರಿಕೆ, ಈ ಮೂರನ್ನೂ ಕರಾವಳಿಯಲ್ಲಿ ಹಾಸಬಾರದು. ಪತ್ರಿಕೆಯೊಂದರ ಪುರವಣಿಯಲ್ಲೇ ಇದನ್ನು ಬರೆಯಬೇಕಾಗಿ ಬಂದಿರುವುದಕ್ಕೆ ಓದುಗರು ಕ್ಷಮಿಸಬೇಕು. ಇವು ತೇವವನ್ನು ಹೀರಿಕೊಂಡು ಉಕ್ಕಿನ ಮೈಗೆ ಒತ್ತಿ ಹಿಡಿಯುತ್ತವೆ. ಅರ, ಉಳಿಗಳ ಡ್ರಾಯರಿಗೆ ತುಕ್ಕುನಿರೋಧಕ ವಿಸಿಐ ಕಾಗದವನ್ನು ಹಾಸಬಹುದು. ಅದರಿಂದ ಹೊಮ್ಮುವ ಆವಿ ಉಕ್ಕಿನ ಮೇಲೆ ತೆಳುವಾಗಿ ಕೂತು ಕಾಪಾಡುತ್ತದೆ. ಡ್ರಾಯರು ಬಿಗಿಯಾಗಿ ಮುಚ್ಚಿರಬೇಕು ಮತ್ತು ಪೊಟ್ಟಣದಲ್ಲಿ ಹೇಳಿದ ಅವಧಿ ಮುಗಿದಾಗ ಕಾಗದವನ್ನು ಬದಲಿಸಬೇಕು. ಅದೇ ಡ್ರಾಯರಿನಲ್ಲಿ ಹಿತ್ತಾಳೆ, ತಾಮ್ರದ ಸಾಮಾನೂ ಇದ್ದರೆ ಅವಕ್ಕೂ ಹೊಂದುವ ಕಾಗದವೇ ಎಂದು ವಿಚಾರಿಸಿ ತರಬೇಕು.

ಕತ್ತರಿಸುವ ಮೊದಲು ಡ್ರಾಯರಿನ ಉದ್ದ, ಅಗಲಗಳನ್ನು ಎರಡೂ ತುದಿಗಳಲ್ಲಿ ಅಳೆದು, ಕಡಿಮೆ ಬಂದ ಅಳತೆಯಿಂದ 2 ಮಿ.ಮೀ. ಕಳೆಯಬೇಕು. ಹಾಸನ್ನು ಗಮ್ಮಿನಿಂದ ಅಂಟಿಸಬಾರದು. ಅಡಿಯಲ್ಲಿ ಸೇರಿದ ತೇವ ಅಲ್ಲೇ ಉಳಿದು ಡ್ರಾಯರಿನ ತಗಡನ್ನು ತಿನ್ನುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಸನ್ನು ಎತ್ತಿ, ತಗಡನ್ನು ಒರೆಸಿ, ಒಣಗಿಸಿ ಮತ್ತೆ ಹಾಸಬೇಕು. ಆಗ ಉಪಕರಣದ ಮೇಲೆ ಬೆರಳಚ್ಚಿನ ಆಕಾರದ ತುಕ್ಕು ಕಂಡರೆ ಹಾಸನ್ನು ಬದಲಿಸಿ ಪ್ರಯೋಜನವಿಲ್ಲ. ಅದು ಕೈಬೆವರಿನ ಉಪ್ಪಿನಿಂದಾದ ತುಕ್ಕು. ಸಂಜೆ ಡ್ರಾಯರಿಗೆ ಹಾಕುವ ಮುಂಚೆ ಎಣ್ಣೆಬಟ್ಟೆಯಿಂದ ಒಮ್ಮೆ ಒರೆಸಿದರೆ ನಿಲ್ಲುತ್ತದೆ.