ನವೆಂಬರ್ ಒಂದು: ‘ಆ ದಿನವೇ ಯಾಕೆ?’ ಅಂತ ಕೇಳಿ ಮಾಡಿದ ಗೋಡೆ ಪತ್ರಿಕೆ

ಧಾರವಾಡ ಸೀಮೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಮ್ಮಲ್ಲಿ ಬೆಳಗಿನ ಪ್ರಾರ್ಥನೆಯಾದ ಮೇಲೆ ಸುಭಾಷಿತ, ಪತ್ರಿಕೆಯ ಮುಖ್ಯಾಂಶ, ಆಮೇಲೆ ‘ದಿನದ ವಿಶೇಷ’. ಸರದಿ ಬಂದ ಹುಡುಗ ಹಿಂದಿನ ರಾತ್ರಿ ಮೊಬೈಲಿನಿಂದ ಬರೆದುಕೊಂಡಿದ್ದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾನೆ. ಇಸವಿ, ಘಟನೆ, ಇಸವಿ, ಘಟನೆ. ಸಾಲಿನಲ್ಲಿ ನಿಂತವರ ಕಿವಿಗೆ ಒಂದೂ ಬೀಳುವುದಿಲ್ಲ.

ರಾಜ್ಯೋತ್ಸವಕ್ಕೆ ಗೋಡೆ ಪತ್ರಿಕೆ ಮಾಡಬೇಕೆಂದು ಒಂಬತ್ತನೇ ತರಗತಿಯವರನ್ನು ಕೂರಿಸಿಕೊಂಡಾಗ ಒಂದೇ ಷರತ್ತು ಹಾಕಿದೆ. ಚಾರ್ಟಿಗೆ ಏರುವ ಪ್ರತಿ ಘಟನೆಯ ಕೆಳಗೆ ‘ಆ ದಿನವೇ ಯಾಕೆ?’ ಎಂಬುದಕ್ಕೆ ಉತ್ತರ ಇರಬೇಕು. ಸುಮ್ಮನೆ ಹಾಗೆ ಬಂದು ಬಿದ್ದ ದಿನವಾದರೆ ಹಾಗೆಂದೇ ಬರೆಯಲಿ, ಆದರೆ ವಿಚಾರಿಸದೆ ಬರೆಯಕೂಡದು. ಚಾರ್ಟಿನಲ್ಲಿ ಮೂರು ಸಾಲು ಹಾಕಿದೆವು: ಸರ್ಕಾರ ಗೊತ್ತು ಮಾಡಿದ ದಿನ, ಹಬ್ಬ ಎಳೆದು ತಂದ ದಿನ, ಕಾಕತಾಳೀಯ.

ಮೊದಲ ಸಾಲು ಬೇಗ ತುಂಬಿತು. 1956ರ ನವೆಂಬರ್ 1 ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿಗೆ ಬಂದ ದಿನ. ಹಾಗಾಗಿ ಅದು ನಮ್ಮೊಬ್ಬರ ಹುಟ್ಟುಹಬ್ಬವಲ್ಲ. ಕೇರಳ, ಆಂಧ್ರಪ್ರದೇಶ, ಹೊಸ ರೂಪದ ಮಧ್ಯಪ್ರದೇಶ ಎಲ್ಲ ಅದೇ ಬೆಳಗಿನವು. ಕನ್ಯಾಕುಮಾರಿ ಮದರಾಸಿಗೆ ಹೋಗಿದ್ದು, ಕಾಸರಗೋಡು ಕೇರಳಕ್ಕೆ ಹೋಗಿದ್ದು ಕೂಡ ಅವತ್ತೇ. ಹಿಂದಿನ ದಿನದವರೆಗೆ ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿ, ಅವತ್ತಿನಿಂದ ಎಸ್. ನಿಜಲಿಂಗಪ್ಪ. ರಾಜಪ್ರಮುಖರಾಗಿದ್ದ ಜಯಚಾಮರಾಜ ಒಡೆಯರು ರಾಜ್ಯಪಾಲರಾದರು. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಿಂದ ಕಳಚಿಕೊಂಡಿತು. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಆದರೆ ಹುಡುಗರಿಗೆ ಅದು ನಿಜ ಅನ್ನಿಸಿದ್ದು ಒಬ್ಬ ಹುಡುಗಿ ಮನೆಯ ಟ್ರಂಕಿನಿಂದ ಹೊಲದ ಹಳೇ ಖರೀದಿ ಪತ್ರ ತಂದಾಗ. ಹಳದಿ ತಿರುಗಿದ ಸ್ಟಾಂಪ್ ಕಾಗದ, ಮೇಲ್ಗಡೆ ಇಂಗ್ಲಿಷಿನಲ್ಲಿ ಬಾಂಬೆ ಅಂತ ಮುದ್ರೆ, ಅದರ ಕೆಳಗೆ ಶಾಯಿಯಲ್ಲಿ ದಪ್ಪ ಕನ್ನಡ ಬರಹ, ‘ಜಿಲ್ಲಾ ಧಾರವಾಡ’. ಹೊಲ ಅಲ್ಲೇ ಇದೆ, ರಾಜ್ಯ ಮಾತ್ರ ಬದಲಾಯಿತು. ಅದರ ಜೆರಾಕ್ಸ್ ಚಾರ್ಟಿನ ನಡುವೆ ಅಂಟಿಸಿದೆವು.

ಆಮೇಲಿನವು ಈ ದಿನದ ಬೆನ್ನು ಹಿಡಿದು ಬಂದವು. ದೇವರಾಜ ಅರಸು ಸರ್ಕಾರ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಿದ್ದು 1973ರ ನವೆಂಬರ್ 1ಕ್ಕೆ. ರಾಜ್ಯ ಹುಟ್ಟಿದ ದಿನವೇ ನಾಮಕರಣ. ಹರಿಯಾಣ 1966ರಲ್ಲಿ, ಛತ್ತೀಸಗಢ 2000ದಲ್ಲಿ, ಎರಡೂ ಇದೇ ತಾರೀಖು. ಛತ್ತೀಸಗಢದ ಜೊತೆಯವರಾದ ಉತ್ತರಾಖಂಡ ನವೆಂಬರ್ 9ಕ್ಕೂ ಜಾರ್ಖಂಡ್ 15ಕ್ಕೂ ಹೋದವು. 15 ಯಾಕೆ ಅಂದರೆ ಅದು ಬಿರ್ಸಾ ಮುಂಡಾ ಹುಟ್ಟಿದ ದಿನ. ತಾರೀಖು ಆರಿಸುವುದೂ ಒಂದು ರಾಜಕಾರಣ ಅಂತ ಹುಡುಗರಿಗೆ ನಾನು ಹೇಳಿಕೊಡಬೇಕಾಗಲಿಲ್ಲ.

ಎರಡನೇ ಸಾಲು ನನಗೇ ಅನಿರೀಕ್ಷಿತ. ನವೆಂಬರ್ 1 ಕ್ಯಾಥೊಲಿಕರಿಗೆ ಸಕಲ ಸಂತರ ಹಬ್ಬ. ಪಟ್ಟಿಗಳಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬಿದ್ದಿರುವ ಮೂರು ಸಂಗತಿಗಳಿಗೆ ಬೇರು ಇದೇ. ರೋಮಿನ ಸಿಸ್ಟೀನ್ ಚಾಪೆಲ್ಲಿನ ಚಾವಣಿಯಲ್ಲಿ ಮೈಕೆಲ್ಯಾಂಜೆಲೊ ಬಿಡಿಸಿದ ಚಿತ್ರಗಳು 1512ರಲ್ಲಿ ಜನರ ಕಣ್ಣಿಗೆ ಬಿದ್ದಿದ್ದು ಈ ಹಬ್ಬಕ್ಕೆ. ಕೆಲವರು ಅಕ್ಟೋಬರ್ 31 ಅನ್ನುತ್ತಾರೆ, ಅದು ಹಬ್ಬದ ಹಿಂದಿನ ಸಂಜೆಯ ಪ್ರಾರ್ಥನೆ; ಎರಡಕ್ಕೂ ಆಧಾರವಿದೆ. 1755ರಲ್ಲಿ ಲಿಸ್ಬನ್ ಭೂಕಂಪ. ಭೂಮಿ ಪಂಚಾಂಗ ನೋಡಿ ನಡುಗಲಿಲ್ಲ, ನಿಜ. ಆದರೆ ಹಬ್ಬದ ಬೆಳಗಾದ್ದರಿಂದ ಚರ್ಚುಗಳಲ್ಲಿ ಜನ ಕಿಕ್ಕಿರಿದಿದ್ದರು, ಎಲ್ಲೆಡೆ ಮೇಣದ ಬತ್ತಿ ಉರಿಯುತ್ತಿದ್ದವು. ಕಟ್ಟಡ ಕುಸಿದವು, ಸಮುದ್ರ ನುಗ್ಗಿತು, ಬೆಂಕಿ ದಿನಗಟ್ಟಲೆ ಉರಿಯಿತು. ದಿನ ಕಾಕತಾಳೀಯ, ಅನಾಹುತದ ಅಳತೆ ಮಾತ್ರ ಹಬ್ಬದ್ದು. ಇದನ್ನು ಯಾವ ಸಾಲಿಗೆ ಹಾಕಬೇಕೆಂದು ತರಗತಿಯಲ್ಲಿ ಜಗಳವೇ ಆಯಿತು. ಕೊನೆಗೆ ಎರಡು ಸಾಲಿನ ನಡುವಿನ ಗೆರೆಯ ಮೇಲೆ ಅಂಟಿಸಿದರು.

ಮೂರನೆಯದು 1954. ನನ್ನ ಮಟ್ಟಿಗೆ ಇಡೀ ಚಾರ್ಟಿನ ಜೀವ ಇಲ್ಲಿದೆ. ಆ ವರ್ಷದ ನವೆಂಬರ್ 1ಕ್ಕೆ ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂಗಳ ಆಡಳಿತವನ್ನು ಫ್ರಾನ್ಸ್ ಭಾರತಕ್ಕೆ ಒಪ್ಪಿಸಿತು. ಅದಕ್ಕೆ ಎರಡು ವಾರ ಮೊದಲು ಪಾಂಡಿಚೇರಿ ಸೀಮೆಯ ಕೀಳೂರಿನಲ್ಲಿ ಮತ ಹಾಕಿದ 178 ಪ್ರತಿನಿಧಿಗಳಲ್ಲಿ 170 ಮಂದಿ ಭಾರತ ಸೇರುವ ಪರ ನಿಂತಿದ್ದರು. ಅದೇ ನವೆಂಬರ್ 1ರ ನಡುರಾತ್ರಿ ದಾಟುತ್ತಿದ್ದಂತೆ ಅಲ್ಜೀರಿಯಾದ ಹಲವು ಕಡೆ ಒಮ್ಮೆಗೇ ದಾಳಿ ನಡೆದು ಫ್ರೆಂಚರ ವಿರುದ್ಧ ಯುದ್ಧ ಶುರುವಾಯಿತು. ಫ್ರೆಂಚರು ಆ ದಿನವನ್ನು ಇವತ್ತಿಗೂ ‘ಕೆಂಪು ಸಂತರ ಹಬ್ಬ’ ಅಂತ ಕರೆಯುತ್ತಾರೆ. ಎರಡೂ ಕಡೆ ಪ್ಯಾರಿಸ್ಸಿನಲ್ಲಿ ಕುಳಿತಿದ್ದವರು ಒಬ್ಬರೇ ಪ್ರಧಾನಿ, ಪಿಯರ್ ಮಾಂಡೆಸ್ ಫ್ರಾನ್ಸ್. ಮೇ ತಿಂಗಳಲ್ಲಿ ವಿಯೆಟ್ನಾಮಿನ ದಿಯೆನ್ ಬಿಯೆನ್ ಫುನಲ್ಲಿ ಸೋತು, ಜುಲೈನಲ್ಲಿ ಜಿನೀವಾದಲ್ಲಿ ಕದನವಿರಾಮದ ಒಪ್ಪಂದಕ್ಕೆ ಸಹಿ ಹಾಕಿ ಬಂದಿದ್ದ ದೇಶ ಅದು. ಪಾಂಡಿಚೇರಿಯನ್ನು ಮಾತುಕತೆಯಲ್ಲಿ ಬಿಟ್ಟುಕೊಟ್ಟವರು ಅಲ್ಜೀರಿಯಾವನ್ನು ಬಿಡಲೊಲ್ಲರು. ಅದು ವಸಾಹತು ಅಲ್ಲ, ಫ್ರಾನ್ಸಿನದೇ ಜಿಲ್ಲೆಗಳು ಅನ್ನುವುದು ಅವರ ವಾದ. ಎರಡೂ ಕಥೆ ಮುಗಿದಿದ್ದು 1962ರಲ್ಲಿ. ಜುಲೈ 5ಕ್ಕೆ ಅಲ್ಜೀರಿಯಾ ಸ್ವತಂತ್ರ, ಆಗಸ್ಟ್ 16ಕ್ಕೆ ಪಾಂಡಿಚೇರಿ ಕಾನೂನಿನ ಲೆಕ್ಕದಲ್ಲೂ ಭಾರತದ್ದು.

“ಸರ್, ಅಲ್ಜೀರಿಯಾದಾಗ ಅವತ್ತು ಸೂಟಿ ಇತ್ತೇನ್ರಿ?” ಅಂದ ಒಬ್ಬ. ಹೌದು ಮಾರಾಯ, ಫ್ರೆಂಚರಿಗೆ ಹಬ್ಬದ ಸೂಟಿ, ದಾಳಿ ಮಾಡುವವರು ಕಾದಿದ್ದೂ ಅದಕ್ಕೇ.

ತಾರೀಖು ಪರೀಕ್ಷಿಸುವ ನನ್ನ ಕ್ರಮವನ್ನೂ ಇಲ್ಲಿ ಹೇಳಬೇಕು. ಮೊದಲು ಕೇಳುವುದು ಯಾವ ಕ್ಯಾಲೆಂಡರ್ ಅಂತ. ಷೇಕ್ಸ್‌ಪಿಯರ್, ಸ್ಪೇನಿನ ಲೇಖಕ ಸರ್ವಾಂಟಿಸ್ ಇಬ್ಬರ ಹೆಸರಿನ ಮುಂದೂ ತೀರಿಕೊಂಡ ದಿನ 1616ರ ಏಪ್ರಿಲ್ 23 ಅಂತ ಬರೆದಿರುತ್ತದೆ. ಆದರೆ ಸ್ಪೇನ್ ಆಗಲೇ ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ 1752ರವರೆಗೂ ಬರಲಿಲ್ಲ. ನಡುವೆ ಹತ್ತು ದಿನದ ಅಂತರ. ನಮ್ಮಲ್ಲಿ ಇನ್ನೂ ಒಂದು ತೊಡಕಿದೆ: ಬಸವ ಜಯಂತಿ, ಕನಕ ಜಯಂತಿಗಳು ತಿಥಿ ಹಿಡಿದು ಬರುತ್ತವೆ, ಕೆಂಪೇಗೌಡ ಜಯಂತಿ ಜೂನ್ 27ಕ್ಕೇ ನಿಂತಿದೆ. ತಿಥಿಯವನ್ನು ಬೇರೆ ಡಬ್ಬಿಯಲ್ಲಿ ಇಡುತ್ತೇನೆ.

ಆಮೇಲೆ ಯಾರ ಗಡಿಯಾರ ಅಂತ. ಅಮೆರಿಕ ಮೊದಲ ದೊಡ್ಡ ಹೈಡ್ರೋಜನ್ ಬಾಂಬನ್ನು ಪೆಸಿಫಿಕ್ಕಿನ ಎನಿವೆಟಾಕ್ ಹವಳದ್ವೀಪದಲ್ಲಿ ಸಿಡಿಸಿದ್ದು 1952ರ ನವೆಂಬರ್ 1ರ ಬೆಳಗ್ಗೆ. ಗ್ರೀನಿಚ್‌ನಲ್ಲಿ ಇನ್ನೂ ಅಕ್ಟೋಬರ್ 31ರ ಸಂಜೆ. ಎಲುಗೆಲಾಬ್ ಎಂಬ ದ್ವೀಪ ನಕ್ಷೆಯಿಂದಲೇ ಹೋಯಿತು. ಹೋದದ್ದು ಅಲ್ಲಿಯವರ ದ್ವೀಪವಾದ್ದರಿಂದ ಅವರ ತಾರೀಖೇ ಇರಲಿ ಅಂತ ತೀರ್ಮಾನಿಸಿದೆ.

ಕೊನೆಗೆ ವಾರ. 1956ರ ನವೆಂಬರ್ 1 ಗುರುವಾರ, 1973ರದ್ದೂ ಗುರುವಾರವೇ. ಲಿಸ್ಬನ್ ಭೂಕಂಪ ಶನಿವಾರ. ಹಳೇ ಬರಹದಲ್ಲಿ ವಾರ ಕೊಟ್ಟಿದ್ದರೆ ಲೆಕ್ಕ ಹಾಕಿ ತಾಳೆ ನೋಡುವ ಕೆಲಸವನ್ನು ಗಣಿತದಲ್ಲಿ ಚುರುಕಾಗಿರುವ ಹುಡುಗರಿಗೆ ವಹಿಸುತ್ತೇನೆ. ಅವರಿಗೂ ಖುಷಿ, ನನಗೂ ಒಂದು ಕೆಲಸ ಕಡಿಮೆ.

ಮೂರನೇ ಸಾಲಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಕಂಪನಿ ಆಳ್ವಿಕೆ ಮುಗಿದು ಆಡಳಿತ ತನ್ನ ಕೈಗೆ ಬಂತೆಂಬ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಗವರ್ನರ್ ಜನರಲ್ ಕ್ಯಾನಿಂಗ್ ಅಲಹಾಬಾದಿನಲ್ಲಿ ಓದಿಸಿದ 1858, ಟರ್ಕಿಯ ಸಂಸತ್ತು ಸುಲ್ತಾನಗಿರಿಯನ್ನು ರದ್ದು ಮಾಡಿದ 1922. ಹುಡುಗಿಯರ ಹಟಕ್ಕೆ ಮಣಿದು ಇನ್ನೊಂದು: ಕರ್ನಾಟಕಕ್ಕೆ ಹೆಸರು ಬಂದ ದಿನವೇ ಮಂಗಳೂರಿನಲ್ಲಿ ಐಶ್ವರ್ಯಾ ರೈ ಹುಟ್ಟಿದ್ದು. ಧ್ವಜಾರೋಹಣಕ್ಕೆ ಬಂದ ಅತಿಥಿಗಳು ನಿಂತು ಓದಿದ್ದು ಅದನ್ನೇ.

ಈಗ ಜನವರಿ 26ರ ಚಾರ್ಟ್ ನಡೆದಿದೆ. ಮೊದಲ ಸಾಲಿಗೆ ಯಾರೂ ಯೋಚಿಸಬೇಕಾಗಲಿಲ್ಲ. ಸಂವಿಧಾನ 1949ರ ನವೆಂಬರ್ 26ಕ್ಕೇ ಅಂಗೀಕಾರವಾಗಿದ್ದರೂ ಪೂರ್ತಿ ಜಾರಿಯಾಗಲು ಎರಡು ತಿಂಗಳು ಕಾದಿದ್ದು 1930ರ ಪೂರ್ಣ ಸ್ವರಾಜ್ಯದ ದಿನಕ್ಕಾಗಿ. ತಕರಾರು ಇರುವುದು ಸಂಗೊಳ್ಳಿ ರಾಯಣ್ಣನದು. ಹುಟ್ಟಿದ್ದು ಆಗಸ್ಟ್ 15, ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26 ಅಂತ ನಮ್ಮ ಕಡೆಯ ಹುಡುಗರಿಗೆಲ್ಲ ಬಾಯಿಪಾಠ. ದಿಲ್ಲಿಯವರು ಆ ದಿನ ಆರಿಸಿದ್ದು ರಾಯಣ್ಣನಿಗಾಗಿಯೇ ಎಂದು ಕಿತ್ತೂರು ಕಡೆಯ ಇಬ್ಬರು ಪಟ್ಟು ಹಿಡಿದಿದ್ದಾರೆ. ಆಧಾರ ತನ್ನಿ, ಮೊದಲ ಸಾಲಿಗೆ ಏರಿಸೋಣ ಅಂದಿದ್ದೇನೆ. ಅಲ್ಲಿಯವರೆಗೆ ಅವನ ಚಿತ್ರ ಮೂರನೇ ಸಾಲಿನಲ್ಲಿದೆ, ಉಳಿದವರದಕ್ಕಿಂತ ದೊಡ್ಡದಾಗಿ. ಅದಕ್ಕೆ ನನ್ನ ಅಡ್ಡಿಯೇನಿಲ್ಲ.